ನೀಲಿ ಮುಚ್ಚಳದ ಟ್ಯಾಂಕಿಗೆ ಸುರಿದದ್ದು

"ಹಲೋ… ಹಲೋ, ಯಾರ್ರಿ? ಯಾರ್ ಮಾತಾಡ್ಲತ್ತೀರಿ?"

…

"ಹಾಂ, ಶಾಲುಬಾಯಿನೇ ಹೌದು. ನೀವು ಯಾರು, ಅದು ಮೊದಲ ಹೇಳ್ರಿ. ಈ ನಂಬರ್ ನನ್ನ ಫೋನಿನಾಗ ಇಲ್ಲ… ಯಾವ ಸತೀಶಕುಮಾರ? ಎಲ್ಲಿಂದ?"

ಗೊತ್ತಿಲ್ಲದ ನಂಬರಿನ ಕರೆಯನ್ನು ಶಾಲುಬಾಯಿ ಹೀಗೆಯೇ ಎತ್ತುತ್ತಿದ್ದಳು, ಬಾಗಿಲ ಸಂದಿಯಿಂದ ಒಂದೇ ಕಣ್ಣಿನಲ್ಲಿ ನೋಡುವವಳ ಹಾಗೆ. ಲಾರಿ ಆಕೆಯ ಹೆಸರಿನಲ್ಲಿತ್ತು. ಗಂಡ ನರಸಿಂಗ ಬೀದರಿನಲ್ಲಿ ನೌಕರಿ ಮಾಡಿಕೊಂಡು ರವಿವಾರಕ್ಕಷ್ಟೇ ಭಾಲ್ಕಿಗೆ ಬರುತ್ತಿದ್ದ. ಬಾಡಿಗೆ ಹಿಡಿಯುವುದು, ಟೈರು ತರಿಸುವುದು, ಡ್ರೈವರನ ಜೊತೆ ಮಾತಾಡುವುದು ಎಲ್ಲ ಆಕೆಯದೇ. ಲಾರಿ ಇಟ್ಟುಕೊಂಡಿರುವ ಹೆಂಗಸು ಎಂದು ಗೊತ್ತಾದ ಮೇಲೆ ಯಾರುಯಾರೋ ಫೋನು ಮಾಡುತ್ತಿದ್ದರು. ಒಬ್ಬ ವಿಮೆ ಮುಗಿದಿದೆ ಅನ್ನುತ್ತಿದ್ದ, ಮತ್ತೊಬ್ಬ ಗಾಡಿ ಪೊಲೀಸರ ಕೈಗೆ ಸಿಕ್ಕಿದೆ ಅನ್ನುತ್ತಿದ್ದ, ಕೊನೆಗೆ ಎಲ್ಲರೂ ಕೇಳುತ್ತಿದ್ದದ್ದು ಓಟಿಪಿಯನ್ನೇ.

"ಔರಾದ ರಸ್ತಾದಾಗ ಗ್ಯಾರೇಜಾ? ಇರಬಹುದು. ನಮ್ಮ ಗಾಡಿನೇ ಅಂತ ನಿಮಗ ಹ್ಯಾಂಗ ಗೊತ್ತು?… ನಂಬರ್ ಬರಾಬರ್ ಅದ. ನಂಬರ್ ಏನ್ರಿ, ಹಾದಿಯಾಗ ಹೋಗೋರೂ ನೋಡಿ ಹೇಳ್ತಾರ. ಹಿಂದ ಏನ್ ಬರ್ದದ ನೋಡ್ರಿ… ಹಾಂ. ಜೈ ಭೀಮ. ಅದರ ಕೆಳಗ?"

…

"ಕರುಣಾ. ಹೌದು, ನನ್ನ ಮಗಳ ಹೆಸರೇ ಅದು… ನಿಂತದ ಅಂದ್ರ ಏನಾಗ್ಯದ? ಡ್ರೈವರ್ ಎಲ್ಲಿಗರ ಗುದ್ಯಾನೇನು?"

ಆಕೆ ಸೋಸುತ್ತಿದ್ದ ಪುಂಡಿಪಲ್ಯೆಯ ಸೊಪ್ಪನ್ನು ಹಾಗೇ ಬಿಟ್ಟು ಎದ್ದಳು. ಮೃಗಶಿರಾ ಮಳೆ ಮುಗಿದು ಬಿಸಿಲು ಹತ್ತಿದ ಮುಂಜಾನೆ ಅದು. ಪಡಸಾಲೆಯಲ್ಲಿ ಆಕೆಯ ತಮ್ಮ ಕೈಲಾಶ ಚಹಾ ಕುಡಿಯುತ್ತ ಕೂತಿದ್ದ. ಸಾಯಗಾಂವದಲ್ಲಿ ಅವನ ಹೊಲ, ಮನೆ. ಅಲ್ಲಿಂದ ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ತಂದ ಎರಡು ಬಿಳಿ ಕ್ಯಾನುಗಳನ್ನು ಆಗಷ್ಟೇ ಗೋಡೆಗೆ ಒರಗಿಸಿ ಇಟ್ಟಿದ್ದ.

"ಯಾರ ಫೋನು ಅಕ್ಕಾ?" ಎಂದ ಕೈಲಾಶ.

ಶಾಲುಬಾಯಿ ಫೋನಿನ ಮೇಲೆ ಅಂಗೈ ಮುಚ್ಚಿ, "ಯಾವನೋ ಗ್ಯಾರೇಜ್ ಮಿಸ್ತ್ರಿ. ನಮ್ಮ ಗಾಡಿ ಔರಾದ ಹತ್ರ ನಿಂತದಂತ," ಎಂದಳು.

"ಸುಳ್ಳ ಇರ್ತದ. ಕಟ್ ಮಾಡು."

"ಹಲೋ… ಹಾಂ, ಕೇಳ್ಲತ್ತೇನಿ. ಆದ್ರ ಒಂದು ಮಾತು. ನಮ್ಮ ಡ್ರೈವರ್ ಮಕ್ಸೂದ ಇದ್ದಾನಲ್ಲ, ಅವ ಯಾಕ ಫೋನ್ ಮಾಡಲಿಲ್ಲ? ನಿಮ್ಮ ಫೋನಿಂದ ಯಾಕ?… ಚಾರ್ಜ್ ಇಲ್ಲ. ಹಾಂ. ಬರಾಬರ್ ಇದೇ ಹೊತ್ತಿಗಿ ಚಾರ್ಜ್ ಇಲ್ಲ."

…

"ಕಮಲನಗರದಾಗ ಕಡ್ಲಿ ತುಂಬಿದ್ದು ಖರೇ ಅದ. ಬೀದರಿಗಿ, ದಾಲ್ ಮಿಲ್ಲಿಗಿ ಹೋಗಬೇಕು, ಅದೂ ಖರೇ… ಜಗ್ಗವಲ್ದು? ಎಷ್ಟ ಒತ್ತಿದ್ರೂ ಎತ್ತಿನ ಗಾಡಿ ಹಂಗ ಹೋಗ್ತದಾ?"

ಈಗ ಆಕೆಗೆ ಇದು ಮೋಸದ ಫೋನಲ್ಲ ಎಂದು ಅರ್ಧ ನಂಬಿಕೆ ಬಂತು. ತಮ್ಮನ ಕಡೆ ತಿರುಗಿ, "ಖರೇನೇ ಅದ. ಗಾಡಿ ಜಗ್ಗವಲ್ದಂತ," ಎಂದಳು.

ಕೈಲಾಶ ಬಟ್ಟಲು ಕೆಳಗಿಟ್ಟ. "ಅವಂಗ ಹೇಳು ಅಕ್ಕಾ, ನೀಲಿ ಮುಚ್ಚಳದ ಟ್ಯಾಂಕಿಗಿ ಕೈ ಹಚ್ಚಬ್ಯಾಡ ಅಂತ. ಸುಮ್ಮ ಬಿಚ್ಚಿ ಹಾಳ ಮಾಡ್ತಾರ ಇವರು."

"ಹಲೋ, ನೋಡ್ರಿ, ನೀವು ಆ ನೀಲಿ ಮುಚ್ಚಳದ ಟ್ಯಾಂಕ್ ಬಿಚ್ಚಬ್ಯಾಡ್ರಿ. ಹಾಂ, ಅದೇ, ಯೂರಿಯಾದ್ದು."

…

"ಏನಂದ್ರಿ?"

…

"ಇಲ್ಲ… ನೀವು ಇನ್ನೂ ಹೇಳಿಲ್ಲ, ಅದು ಖರೇ. ನನಗ ಹ್ಯಾಂಗ ಗೊತ್ತಾಯ್ತು ಅಂದ್ರ… ನಮ್ಮ ತಮ್ಮ ಅಂದ. ಇಲ್ಲೇ ಕುಂತಾನ. ಅವ ಅಂದ, ಅದಕ್ಕ ನಾ ಅಂದೆ."

ಮಿಸ್ತ್ರಿ ಕೇಳಿದ್ದು ಸಣ್ಣ ಪ್ರಶ್ನೆ. ಗಾಡಿ ಕೆಟ್ಟದ್ದು ಆ ಟ್ಯಾಂಕಿನಿಂದಲೇ ಎಂದು ನಾನೇ ಇನ್ನೂ ಬಾಯಿಬಿಟ್ಟಿಲ್ಲ, ಭಾಲ್ಕಿಯಲ್ಲಿ ಕೂತ ನಿಮಗೆ ಹೇಗೆ ತಿಳಿಯಿತು, ಎಂದಿದ್ದ. ಶಾಲುಬಾಯಿ ಕೈಲಾಶನನ್ನು ನೋಡಿದಳು. ಅವನು ಬಟ್ಟಲಿನ ತಳದಲ್ಲಿ ಉಳಿದ ಚಹಾಪುಡಿಯನ್ನು ನೋಡುತ್ತಿದ್ದ.

ಆ ಟ್ಯಾಂಕಿನ ವಿಷಯ ಆಕೆಗೆ ಚೆನ್ನಾಗಿ ಗೊತ್ತಿತ್ತು. ಹೊಸ ಲಾರಿಗಳಿಗೆ ಡೀಸೆಲ್ ಒಂದೇ ಸಾಲದು. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ. ಅದಕ್ಕೆ ಹಾಕುವುದು ಗಾಡಿಗಂತಲೇ ತಯಾರಾದ ಶುದ್ಧ ಯೂರಿಯಾದ ನೀರು. ಅದು ಸೈಲೆನ್ಸರಿನೊಳಗೆ ಚಿಮ್ಮಿ, ಹೊರಗೆ ಬರುವ ಹೊಗೆಯ ವಿಷವನ್ನು ಮುರಿಯುತ್ತದೆ. ಮೊದಲೆಲ್ಲ ಆ ನೀರನ್ನು ಪೆಟ್ರೋಲ್ ಬಂಕಿನಿಂದಲೇ ತರಿಸುತ್ತಿದ್ದಳು. ಬೇಸಿಗೆಯಲ್ಲಿ ಕೈಲಾಶ, "ನನಗ ಗುರ್ತಿನವರು ಇದ್ದಾರ ಅಕ್ಕಾ, ಕಂಪನಿ ಮಾಲೇ ಕೊಡ್ತಾರ, ನಾ ತಂದು ಹಾಕ್ತೇನಿ," ಎಂದಿದ್ದ. ತಮ್ಮ ಅಂದ ಮೇಲೆ ಆಕೆ ಎರಡನೆಯ ಮಾತು ಕೇಳಿರಲಿಲ್ಲ.

"ಹಾಂ, ಹೇಳ್ರಿ. ಟ್ಯಾಂಕ್ ಆಗ್ಲೇ ಬಿಚ್ಚೀರಾ?… ಏನು ಗಟ್ಟಿಯಾಗ್ಯದ? ಉಪ್ಪಿನ ಹಂಗ? ನಳಿಗಿ ತುಂಬಾ?"

…

"ಕಂಪನಿ ಮಾಲ್ ಅಲ್ಲ ಅಂತ ಹ್ಯಾಂಗ ಹೇಳ್ತೀರಿ? ನೋಡ್ರಿ ಮಿಸ್ತ್ರಿ, ನಮ್ಮ ಮನಿಯಿಂದ ಕಂಪನಿ ಮಾಲೇ ಹೋಗ್ಯದ. ಹಾದಿಯಾಗ ಏನಾಗ್ಯದ ನನಗ ಗೊತ್ತಿಲ್ಲ. ಖರೇ ಮಾಲು ಮಾರ್ಕೊಂಡು ಆ ಮಕ್ಸೂದ ಎಲ್ಲಿದೋ ನೀರು ಹಾಕ್ಯಾನೇನು, ಅವಂಗ ಕೇಳ್ರಿ. ಡ್ರೈವರ್ ಮಂದಿ ಏನ್ ಕಮ್ಮಿ ಇರ್ತಾರಾ?"

…

"ಹಲೋ?"

…

"ಹಲೋ, ಯಾಕ ಸುಮ್ಮನಾದ್ರಿ?… ಸ್ಪೀಕರ್ ಹಾಕೀರಾ? ಅವ ಅಲ್ಲೇ ನಿಂತಾನಾ?"

ಶಾಲುಬಾಯಿಯ ಕಿವಿ ಬಿಸಿಯಾಯಿತು. ಮಕ್ಸೂದ ಆಕೆಯ ಹಳೆಯ ಲಾರಿಯ ಕಾಲದಿಂದಲೂ ಇದ್ದವನು, ವಯಸ್ಸಿನಲ್ಲಿ ಆಕೆಗಿಂತ ಹಿರಿಯ. ರಮ್ಜಾನಿನ ಉಪವಾಸದಲ್ಲಿಯೂ ಗಾಡಿ ಬಿಟ್ಟಿರಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಆಕೆ ಇನ್ನಷ್ಟು ಗಡುಸಾದಳು. ತಪ್ಪು ಅವನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಳಗೊಳಗೇ ಅನ್ನಿಸುತ್ತಿತ್ತು.

"ಅವನ ಕೈಯಾಗ ಕೊಡ್ರಿ ಫೋನ್… ಮಕ್ಸೂದ ಭಾಯಿ? ಹಾಂ, ನಾನೇ. ಖರೇ ಹೇಳ್ರಿ, ನೀಲಿ ಟ್ಯಾಂಕಿಗಿ ಏನ್ ಹಾಕೀರಿ?"

…

"ನಮ್ಮ ಪಡಸಾಲಿದೇ? ಬಿಳಿ ಕ್ಯಾನಿಂದಾ? ಬ್ಯಾರೆ ಎಲ್ಲೂ ಹಾಕ್ಸಿಲ್ಲ?… ಆಣಿ ಹಾಕಬ್ಯಾಡ್ರಿ, ನಾ ಬರೇ ಕೇಳ್ಲತ್ತೇನಿ."

…

"ಲೈಟಾ? ಹೌದು, ನೀವು ಹೇಳಿದ್ರಿ. ಪೇರಣಿ, ಬಿತ್ತೋದು ಸುರು ಆದಾಗಿಂದ ಹೇಳ್ಲತ್ತಿದ್ರಿ, ಸ್ಟೇರಿಂಗ್ ಮುಂದ ಹಳದಿ ಲೈಟ್ ಹತ್ತ್ಯದ ಅಂತ. ನಾ ತಮ್ಮಗ ಹೇಳ್ದೆ. ಅವ ಅಂದ, ವೈರಿಂದು ಗಲ್ತಿ ಅದ, ಅದರ ಕಡಿ ನೋಡಬ್ಯಾಡ ಅಂತ. ನನಗ ಅನಿಸ್ತು, ನಿಮಗ ಎರಡ ದಿನ ರಜಾ ಬೇಕಾಗ್ಯದ, ಅದಕ್ಕ ಲೈಟಿನ ನೆವ ಹೇಳ್ತೀರಿ ಅಂತ."

…

"ಹಾಂ. ಮಿಸ್ತ್ರಿಗಿ ಕೊಡ್ರಿ."

ಕೈಲಾಶ ಎದ್ದು ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದ. "ಅಕ್ಕಾ, ಇಷ್ಟ್ಯಾಕ ತಲಿಬ್ಯಾನಿ? ಒಂದು ಸಣ್ಣ ಡಬ್ಬಿ ಬರ್ತದ. ಅದನ್ನ ಕೂಡಿಸಿದ್ರ ಮುಗೀತು, ಯೂರಿಯಾ ಬೇಕಾಗಂಗೇ ಇಲ್ಲ. ಎಲ್ಲಾರೂ ಕೂಡಸ್ತಾರ. ಆ ಮಿಸ್ತ್ರಿ ಹತ್ರನೂ ಇರ್ತದ, ಕೇಳು."

ಕೇಳುವ ಅಗತ್ಯವೇ ಬೀಳಲಿಲ್ಲ. ಅತ್ತ ಕಡೆಯ ಸತೀಶಕುಮಾರನೂ ಆ ಡಬ್ಬಿಯ ಮಾತನ್ನೇ ಎತ್ತಿದ್ದ.

"ಹಾಂ, ಡಬ್ಬಿ. ನಮ್ಮ ತಮ್ಮನೂ ಅದೇ ಹೇಳ್ಲತ್ತಾನ. ಇಬ್ಬರದೂ ಒಂದೇ ಮಾತಾಯ್ತಲ್ಲ!… ಏನ್ ಮಾಡ್ತದ ಅದು? ಬಿಡಿಸಿ ಹೇಳ್ರಿ… ಯೂರಿಯಾ ಬೀಳ್ಲತ್ತದ ಅಂತ ಗಾಡಿಗಿ ಸುಳ್ಳು ಹೇಳ್ತದ. ಗಾಡಿ ನಂಬಿ ಜಗ್ತದ. ಮತ್ತ ಹೊಗಿ?"

…

"ಹೊಗಿ ಹೊಗಿನೇ. ವಿಷ ಹಂಗೇ ಹೊರಗ ಬರ್ತದ. ಕಣ್ಣಿಗಿ ಕಾಣಂಗಿಲ್ಲ, ಅಷ್ಟೇ. ಅಲ್ಲಾ?"

ಶಾಲುಬಾಯಿಯ ದೃಷ್ಟಿ ಕಿಟಕಿಯಾಚೆ ಹೋಯಿತು. ಲಾರಿ ನಿಲ್ಲಿಸುವ ಬಯಲಿನ ಆಚೆ ಬದಿಗೆ ಮುನವ್ವರ ಬೇಗಂ ಅವರ ಅಡುಗೆಮನೆಯ ಕಿಟಕಿ. ಹಳೆಯ ಲಾರಿ ಇದ್ದಾಗ ಪ್ರತಿ ಮುಂಜಾನೆ ಅದು ಚಾಲೂ ಆದ ಕೂಡಲೇ ಕಪ್ಪು ಹೊಗೆ ಆ ಕಿಟಕಿಯೊಳಗೇ ನುಗ್ಗುತ್ತಿತ್ತು. ಬೇಗಂ ಅವರಿಗೆ ದಮ್ಮಿನ ಕಾಯಿಲೆ. ಓಣಿಯಲ್ಲಿ ಎಷ್ಟು ಜಗಳವಾಗಿತ್ತು ಆ ಹೊಗೆಗಾಗಿ! ಹೊಸ ಲಾರಿ ಬಂದ ಮೊದಲ ದಿನ ಬೇಗಂ ಅವರು ಮೂಗಿನ ಸೆರಗು ತೆಗೆದು ಗಾಡಿಯ ಹಿಂದೆಯೇ ನಿಂತು, ಉಸಿರೆಳೆದು ನೋಡಿ, "ಇದರದು ಹೊಗಿನೇ ಅಲ್ಲ ಬಾಯಿ," ಎಂದು ನಕ್ಕಿದ್ದರು. ಆ ಈದ್ ಹಬ್ಬಕ್ಕೆ ಶೀರ್‌ಕುರ್ಮಾ ಕಳಿಸಿದ್ದರು. ಈ ಪೇರಣಿಯ ಹೊತ್ತಿನಿಂದ ಮಾತ್ರ ಆ ಕಿಟಕಿ ಮತ್ತೆ ಮುಚ್ಚತೊಡಗಿತ್ತು. ಕಣ್ಣು ಉರಿಯುತ್ತದೆ, ರಾತ್ರಿ ಕೂತೇ ನಿದ್ದೆ ಮಾಡುತ್ತೇನೆ ಎಂದು ಬೇಗಂ ಅವರು ಹೇಳಿ ಕಳಿಸಿದ್ದರು. ನಮ್ಮ ಗಾಡಿ ಚೆನ್ನಾಗಿ ದುಡಿಯುತ್ತಿರುವುದು ಇವರಿಂದ ನೋಡಲಾಗುತ್ತಿಲ್ಲ, ಕೆಮ್ಮು ಬರೀ ನಾಟಕ, ಎಂದು ಶಾಲುಬಾಯಿ ಬಗೆದಿದ್ದಳು. ಮಾತು ಬಿಟ್ಟಿದ್ದಳು ಕೂಡ.

"ಮಿಸ್ತ್ರಿ, ಒಂದು ಕೇಳ್ತೇನಿ. ನಕಲಿ ಯೂರಿಯಾ ಹಾಕಿದ್ರೂ ಹಂಗೇ ಆಗ್ತದಾ? ವಿಷ ಮುರಿಯಂಗಿಲ್ಲಾ?… ಹಾಂ… ಹಾಂ. ಅಂದ್ರ ಇಷ್ಟ ದಿನಾ ಹಂಗೇ ಬಿಡ್ಲತ್ತಿತ್ತು ಗಾಡಿ."

…

"ನಕಲಿ ಅಂತ ಗುರ್ತ ಹ್ಯಾಂಗ ಹಿಡೀಬೇಕು? ಇಲ್ಲೇ ಎರಡು ಕ್ಯಾನ್ ಅವ, ಈಗೇ ಬಂದಾವ… ವಾಸನಿ ನೋಡ್ಲಿ? ಯಾತರ ವಾಸನಿ?… ಇರ್ರಿ, ಹೇಳಬ್ಯಾಡ್ರಿ. ನೀವು ಹೇಳಿದ್ರ ನನಗ ಅದೇ ಬರ್ತದ. ನಾನೇ ನೋಡ್ತೇನಿ. ಫೋನ್ ಇಡಬ್ಯಾಡ್ರಿ ಮತ್ತ."

ಆಕೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಒಂದು ಕ್ಯಾನನ್ನು ಬೆಳಕಿಗೆ ಎಳೆದಳು.

"ಅಕ್ಕಾ, ಸೀಲ್ ಒಡೀಬ್ಯಾಡ," ಎಂದ ಕೈಲಾಶ. "ಗಾಳಿ ಹೊಕ್ಕರ ಮಾಲು ಕೆಡ್ತದ."

"ಕೆಡಲಿ."

ಪಲ್ಯೆ ಸೋಸುತ್ತಿದ್ದ ಸ್ಟೀಲಿನ ತಾಟನ್ನು ಬರಿದು ಮಾಡಿ, ತೊಳೆದು, ಸೆರಗಿನಿಂದ ಒರೆಸಿ, ಅದರಲ್ಲಿ ಸ್ವಲ್ಪ ಸುರಿದಳು. ನೀರು ತಿಳಿಯಾಗಿರಲಿಲ್ಲ. ಮೇಲೆ ಎಣ್ಣೆಯ ತೆಳುವಾದ ಪದರ, ಕಿಟಕಿಯ ಬೆಳಕಿಗೆ ಬಣ್ಣ ಬಣ್ಣವಾಗಿ ಹರಡುತ್ತಿತ್ತು. ಬಗ್ಗಿ ಮೂಸಿದಳು. ಬೇವು! ಹೋದ ವರ್ಷ ತಮ್ಮನ ಹೊಲದಲ್ಲಿ ಆಳು ಸಿಗದಿದ್ದಾಗ, ಸೆರಗು ಕಟ್ಟಿಕೊಂಡು ತಾನೇ ಜೋಳಕ್ಕೆ ಎರಚಿದ ಗೊಬ್ಬರ ಇದು. ಹೊಲಕ್ಕೆಂದು ಕೊಡುವ ಯೂರಿಯಾಕ್ಕೆ ಬೇವಿನ ಎಣ್ಣೆ ಹಚ್ಚಿರುತ್ತಾರೆ. ಅವತ್ತು ಎರಡು ಸಲ ಸಾಬೂನು ಹಚ್ಚಿದರೂ ಕೈಯಿಂದ ಆ ಘಾಟು ಹೋಗಿರಲಿಲ್ಲ.

"ಹಲೋ… ಹಾಂ, ನೋಡ್ದೆ. ಬೇವಿನ ವಾಸನಿ ಅದ. ಮ್ಯಾಲ ಎಣ್ಣಿ ತೇಲ್ಲತ್ತದ."

…

"ಅದೇ ಹೇಳಬೇಕಂತಿದ್ರಾ… ಹಾಂ. ಹೊಲದ ಯೂರಿಯಾನೇ. ನೀರಿನಾಗ ಕಲಿಸ್ಯಾರ. ನೀವು ಹೇಳಿದ್ದು ಖರೇ ಅದ ಮಿಸ್ತ್ರಿ… ಒಂದು ನಿಮಿಷ ಇರ್ರಿ. ಲೈನಿನಾಗೇ ಇರ್ರಿ."

ಫೋನನ್ನು ಎದೆಗೆ ಒತ್ತಿಕೊಂಡು ತಮ್ಮನನ್ನು ನೋಡಿದಳು. "ಯಾರ ಹತ್ರ ತಂದಿ ಇದನ್ನ?"

ಕೈಲಾಶ ಕ್ಯಾನಿನ ಮುಚ್ಚಳವನ್ನು ತಿರುಗಿಸಿ ಹಾಕತೊಡಗಿದ.

"ಯಾರೋ ಗುರ್ತಿನವರು ಅಂದಿದ್ದಿ. ಹೆಸರು ಹೇಳು. ಅವರಿಗೇ ಫೋನ್ ಮಾಡ್ತೇನಿ."

"ಯಾರೂ ಇಲ್ಲ ಅಕ್ಕಾ," ಎಂದ ಅವನು ಕೊನೆಗೆ. "ಹೊಲದ ಕೊಟ್ಟಿಗಿಯಾಗ ನಾನೇ ಮಾಡ್ತೇನಿ. ನಾಕ ಚೀಲ ಉಳಿದಿದ್ವು, ಅದಕ್ಕ…"

"ಉಳಿದಿದ್ವು? ಊರಾಗ ಒಂದು ಚೀಲ ಯೂರಿಯಾ ಸಿಗವಲ್ದು. ವೈಜಿನಾಥ ಕಾಕಾ ಸೊಸೈಟಿ ಮುಂದ ಬಿಸಿಲಾಗ ನಿಂತು ಖಾಲಿ ಕೈಲೆ ಹೊಳ್ಳಿ ಬಂದ, ಬೆಳಿ ಹಳದಿ ಆಗ್ಲತ್ತದ ಅಂತ ನೀನೇ ನನಗ ಹೇಳಿದಿ. ಇಲ್ಲೇ ಕುಂತು ಹೇಳಿದಿ. ನಿನಗ ಹ್ಯಾಂಗ ಉಳೀತು?"

ಅವನ ಮುಖ ಬಾಡಿತು. ಸೊಸೈಟಿಯಲ್ಲಿ ಊರವರ ಹೆಸರಿನಲ್ಲಿ ಚೀಲ ಎತ್ತಿಸಿದ್ದು, ಇನ್ನೂ ಕೆಲವು ಗಾಡಿಯವರಿಗೆ ಇದೇ ಕ್ಯಾನು ಕೊಟ್ಟದ್ದು, ಎಲ್ಲ ತುಂಡು ತುಂಡಾಗಿ ಹೊರಗೆ ಬಂತು. "ನಿನ್ನ ಗಾಡಿ ಕೆಡ್ತದ ಅಂತ ಗೊತ್ತಿದ್ದಿಲ್ಲ ಅಕ್ಕಾ. ಖರೇನೂ ಗೊತ್ತಿದ್ದಿಲ್ಲ."

"ಲೈಟ್ ಹತ್ತಿದ ಮ್ಯಾಲ?"

ಅವನು ಗೋಡೆಯ ಕಡೆ ತಿರುಗಿ ನಿಂತ. ಶಾಲುಬಾಯಿ ಹೊಸ್ತಿಲ ಮೇಲೆ ಕೂತಳು. ಹೆಂಗಸು ಲಾರಿ ವ್ಯವಹಾರ ನಡೆಸುವುದುಂಟೇ ಎಂದು ಬಳಗವೆಲ್ಲ ನಕ್ಕಾಗ, ಶೋರೂಮಿಗೆ ಚೆಂಡುಹೂವಿನ ಹಾರ ಹಿಡಿದು ಬಂದವನು ಇವನೊಬ್ಬನೇ. ಗಾಡಿಯ ಮುಂದೆ ನಿಂತು ಆಕೆಯ ಫೋಟೊ ತೆಗೆದವನೂ ಇವನೇ. ಲೋಕದ ಮೇಲೆಲ್ಲ ಶಕ್, ಸಂಶಯ ಪಟ್ಟವಳು ಇವನೊಬ್ಬನ ಮೇಲೆ ಪಟ್ಟಿರಲಿಲ್ಲ.

ಎದೆಯ ಹತ್ತಿರ ಫೋನು ಸಣ್ಣಗೆ ಮಾತಾಡುತ್ತಿತ್ತು.

"ಹಲೋ, ಹಾಂ, ಇದ್ದೇನಿ… ಇಲ್ಲ, ಡಬ್ಬಿ ಬ್ಯಾಡ. ಬ್ಯಾಡ ಅಂದೆನಲ್ಲ. ನೀವು ಎಷ್ಟ ಹೇಳಿದ್ರೂ ಬ್ಯಾಡ. ನನ್ನ ಗಾಡಿ ದಿನಾ ಒಬ್ಬ ದಮ್ಮಿನ ಹೆಂಗಸಿನ ಕಿಟಕಿ ಮುಂದ ಚಾಲೂ ಆಗ್ತದ. ಟ್ಯಾಂಕ್ ಇಳಸ್ರಿ, ತೊಳೀರಿ, ಯಾವ ನಳಿಗಿ ಹೋಗ್ಯದ ಹೊಸಾದು ಹಾಕ್ರಿ. ಒಳಗಿನ ಸೋಸೋ ಜಾಳಗಿ ಕೆಟ್ಟಿದ್ರ ಅದೂ ಹಾಕ್ರಿ… ದಿನಾ ಹಿಡೀಲಿ. ಕಡ್ಲಿ ಬ್ಯಾರೆ ಗಾಡಿಗಿ ಏರಸ್ತೇನಿ, ಮಿಲ್ಲಿನವರಿಗಿ ನಾ ಮಾತಾಡ್ತೇನಿ."

…

"ಅವರು ಬಂದಾರಾ ಅಲ್ಲಿ? ಮಿಲ್ಲಿನ ಮನಷ್ಯ? ಗಾಡಿ ಹುಡುಕೊಂಡು?… ಏನಂತಾನ?"

…

"ಮಕ್ಸೂದಂದು ಫೋಟೊ ಹಾಕ್ತಾರಾ? ಎಲ್ಲಿ? ಡ್ರೈವರ್ ಮಂದಿ ವಾಟ್ಸಾಪ್ ಗ್ರೂಪಿನಾಗ? ಯಾಕ?… ಮಾಲಕೀನೇ ಹೇಳಿದ್ಳು, ಇವ ಮಾಲು ಮಾರ್ಕೊಂಡಾನ ಅಂತ… ನಾ ಹಂಗ ಅಂದೆ. ಹೌದು, ಅಂದೆ."

ತಾನು ಅನುಮಾನದಲ್ಲಿ ಎಸೆದ ಮಾತನ್ನು ಅಲ್ಲಿ ನಿಂತವರೆಲ್ಲ ಕೇಳಿಸಿಕೊಂಡಿದ್ದರು. ಇನ್ನು ಮುಂದೆ ಈ ಡ್ರೈವರನಿದ್ದ ಗಾಡಿಗೆ ನಮ್ಮ ಮಾಲು ಏರಿಸುವುದಿಲ್ಲ ಎಂದು ಮಿಲ್ಲಿನ ಮನುಷ್ಯ ಆಗಲೇ ಹೇಳಿಯಾಗಿತ್ತು. ಕೈಲಾಶನಿಗೂ ಅಷ್ಟು ಅರ್ಥವಾಯಿತು. ಅವನು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ, "ಫೋನ್ ಇಡು ಅಕ್ಕಾ. ಮಕ್ಸೂದಗ ಬ್ಯಾರೆ ಗಾಡಿ ಸಿಗ್ತದ. ನನ್ನ ಹೆಸರು ಹೊರಗ ಬಂದ್ರ ಪೊಲೀಸರು ಕೊಟ್ಟಿಗಿಗೇ ಬರ್ತಾರ. ನಾ ನಿನ್ನ ತಮ್ಮ," ಎಂದ.

ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಮಿಸ್ತ್ರಿ ಅತ್ತ ಕಡೆಯಿಂದ, ಹಾಗಾದರೆ ಹಾಕಿದವರು ಯಾರು, ಎಂದು ಎರಡನೆಯ ಸಲ ಕೇಳುತ್ತಿದ್ದ.

"ಹಾಕಿದವರಾ?… ಹೇಳ್ತೇನಿ. ಸ್ಪೀಕರ್ ಇನ್ನೂ ಚಾಲೂ ಅದಾ? ಇರಲಿ, ಚಾಲೂ ಇರಲಿ. ಆ ಮಿಲ್ಲಿನವನಿಗೂ ಕೇಳಿಸಲಿ. ಮಕ್ಸೂದಂದು ಏನೂ ತಪ್ಪಿಲ್ಲ. ನಮ್ಮ ಮನಿಯಿಂದ ಕೊಟ್ಟದ್ದೇ ಅವ ಹಾಕ್ಯಾನ. ಅದನ್ನ ಮಾಡಿದವ ನನ್ನ ತಮ್ಮ. ಕೈಲಾಶ. ಸಾಯಗಾಂವ."

…

"ಹಾಂ, ಸ್ವಂತ ತಮ್ಮ. ಒಂದೇ ತಾಯಿ ಮಕ್ಕಳು… ಗ್ರೂಪಿನಾಗ ಹಾಕ್ರಿ. ಭಾಲ್ಕಿ ಕಡೀ ಬಿಳಿ ಕ್ಯಾನಿನ ಯೂರಿಯಾ ಯಾರಾರು ತಗೊಂಡಾರ, ಎಲ್ಲಾರೂ ಚೆಲ್ಲಲಿ. ಕೇಳಿದ್ರ ಶಾಲುಬಾಯಿ ಹೇಳ್ಯಾಳ ಅನ್ರಿ. ಕೊಟ್ಟಿಗಿಯಾಗಿನ ಚೀಲ ಊರವರವು, ಅವು ಸೊಸೈಟಿಗಿ ಹೊಳ್ಳಿ ಹೋಗ್ತಾವ. ನಾನೇ ಹೋಗಿ ನಿಂತು ಕಳಸ್ತೇನಿ."

ಕೈಲಾಶ ಎದ್ದ. ಕ್ಯಾನುಗಳ ಕಡೆ ಕೈ ಚಾಚಿದಾಗ ಶಾಲುಬಾಯಿ ತಲೆಯಾಡಿಸಿ ಬೇಡವೆಂದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮೋಟರ್‌ಸೈಕಲ್ಲಿನ ಸದ್ದು ಓಣಿ ದಾಟಿ ಹೋಗುವವರೆಗೂ ಆಕೆ ಅತ್ತ ನೋಡಲಿಲ್ಲ.

"ಮಿಸ್ತ್ರಿ, ಮಕ್ಸೂದಗ ಕೊಡ್ರಿ ಇನ್ನೊಮ್ಮೆ."

…

"ಮಕ್ಸೂದ ಭಾಯಿ… ಕೇಳಿದ್ರಲ್ಲ ಎಲ್ಲಾ?"

…

"ನಿಮಗ ಮೊದಲೇ ಶಕ್ ಇತ್ತಾ? ಯಾವಾಗಿಂದ?… ಕ್ಯಾನ್ ಬಿಚ್ಚಿದಾಗೆಲ್ಲ ಬೇವಿನ ವಾಸನಿ ಬರ್ತಿತ್ತಾ? ಮತ್ತ ಯಾಕ ಹೇಳಲಿಲ್ಲ ನನಗ?"

…

"ನನ್ನ ತಮ್ಮ ಅಂತ."

ಹೇಳಿದ್ದರೂ ನಾನು ನಂಬುತ್ತಿರಲಿಲ್ಲ, ಇವನನ್ನೇ ಕೆಲಸದಿಂದ ಬಿಡಿಸುತ್ತಿದ್ದೆ ಎಂದು ಆಕೆಗೆ ಅನ್ನಿಸಿತು. ಅದು ಅವನಿಗೂ ಗೊತ್ತಿದ್ದಿರಬೇಕು.

"ನಾ ಅಂದದ್ದು ತಪ್ಪಾಯ್ತು, ಭಾಯಿ. ನಾಕ ಮಂದಿ ಮುಂದ ಅಂದೆ, ನಾಕ ಮಂದಿ ಮುಂದೇ ಹೇಳ್ಲತ್ತೇನಿ. ತಪ್ಪಾಯ್ತು… ಏನರ ಅನ್ರಿ. ಬೈರಿ ಬೇಕಾದ್ರ."

…

"ಊಟ ಮಾಡ್ರಿ ಮೊದಲ. ಅಲ್ಲೇ ಇರ್ರಿ, ಸಂಜಿ ಬಸ್ಸಿಗಿ ನಾನೇ ಔರಾದಕ ಬರ್ತೇನಿ… ಗಾಡಿ ತಯಾರಾದ ಮ್ಯಾಲ ನೀವೇ ತರ್ತೀರಲ್ಲ? ಬ್ಯಾರೆ ಡ್ರೈವರ್ ನೋಡು ಅಂತ ಹೇಳಂಗಿಲ್ಲಲ್ಲ?"

…

"ಹಲೋ? ಮಕ್ಸೂದ ಭಾಯಿ, ದನಿ ಬರವಲ್ದು… ಗಾಳಿ ಸಪ್ಪಳ ಅಷ್ಟೇ ಕೇಳ್ತದ. ಏನಂದ್ರಿ? ಇನ್ನೊಮ್ಮೆ ಹೇಳ್ರಿ. ಬರ್ತೀರಾ?… ಹಲೋ… ಹಲೋ…"